ಧ್ವನಿಪೆಟ್ಟಿಗೆ ತೆಗೆಸೋದಾ, ಉಳಿಸಿಕೊಳ್ಳೋದಾ?

ಶುಭಾ: ಅಪ್ಪನಿಗೆ ಧ್ವನಿಪೆಟ್ಟಿಗೆ ಕ್ಯಾನ್ಸರ್, ಮೂರನೇ ಹಂತ. ಡಾಕ್ಟರು ಎರಡು ದಾರಿ ಹೇಳಿದ್ದಾರೆ. ಒಂದು, ಧ್ವನಿಪೆಟ್ಟಿಗೆ ಪೂರ್ತಿ ತೆಗೆದು ಕುತ್ತಿಗೆಯಲ್ಲಿ ಉಸಿರಾಡೋಕೆ ರಂಧ್ರ ಮಾಡೋದು. ಇನ್ನೊಂದು, ಏಳು ವಾರ ರೇಡಿಯೇಶನ್, ಜೊತೆಗೆ ಕೀಮೋ. ಅಪ್ಪ ಮೂವತ್ತು ವರ್ಷ ಪಾಠ ಹೇಳಿದವರು. "ಆಪರೇಷನ್ನೇ ಮಾಡಿಸೋಣ, ಜೀವ ಮುಖ್ಯ" ಅಂತಾನೆ ಅಣ್ಣ. ನನಗೋ, ಅಪ್ಪನ ದನಿ ಕೇಳದ ಮನೆ ಊಹಿಸೋಕೂ ಆಗ್ತಿಲ್ಲ. ಅನುಭವ ಇದ್ದವರು ಹೇಳಿ.

ನೇರಮಾತು: ನಿಮ್ಮಣ್ಣ ಹೇಳಿದ್ದೇ ಸರಿ. ಜೀವ ಇದ್ರೆ ತಾನೇ ಮಾತು? ಬರೆದು ತೋರಿಸಬಹುದು, ಮೊಬೈಲಲ್ಲಿ ಟೈಪ್ ಮಾಡಬಹುದು. ಸೆಂಟಿಮೆಂಟ್ ಹಿಡ್ಕೊಂಡು ಕೂರಬೇಡಿ.

ಲೆಕ್ಕಿಗ: ಜೀವವೋ ದನಿಯೋ ಅಂತ ಇಬ್ಭಾಗ ಮಾಡೋದೇ ತಪ್ಪು. 1991ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಒಂದು ಅಧ್ಯಯನ ಪ್ರಕಟವಾಯಿತು, 332 ರೋಗಿಗಳದ್ದು. ಒಂದು ಗುಂಪಿಗೆ ಧ್ವನಿಪೆಟ್ಟಿಗೆ ತೆಗೆದು ರೇಡಿಯೇಶನ್ ಕೊಟ್ಟರು, ಇನ್ನೊಂದಕ್ಕೆ ಮೊದಲು ಕೀಮೋ, ಆಮೇಲೆ ರೇಡಿಯೇಶನ್. ಎರಡು ವರ್ಷಕ್ಕೆ ಎರಡೂ ಗುಂಪಿನಲ್ಲಿ ಬದುಕಿದ್ದವರು ಶೇ. 68. ಎರಡನೇ ಗುಂಪಿನ ಶೇ. 64 ಮಂದಿಗೆ ಧ್ವನಿಪೆಟ್ಟಿಗೆ ಉಳಿದಿತ್ತು. ಗೆಡ್ಡೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನು (ಮೆತ್ತನೆ ಎಲುಬನ್ನು) ಸೀಳಿಕೊಂಡು ಹೊರಬಂದಿದ್ದರೆ ಮಾತ್ರ ಲೆಕ್ಕ ಬೇರೆ, ಅಲ್ಲಿ ಸಾಮಾನ್ಯವಾಗಿ ಆಪರೇಷನ್ನೇ ಮೇಲು.

ನೇರಮಾತು: ಹಾಗಾದ್ರೆ ಉಳಿಸ್ಕೊಳ್ಳಿ. ಮುಗೀತಲ್ಲ.

ಕೊರಳಕಿಂಡಿ: ಎಲ್ಲಿ ಮುಗೀತು? ನಾನು ತೆಗೆಸಿಕೊಂಡವನು, ಒಂಬತ್ತು ವರ್ಷ ಆಯ್ತು. ಸಿಕ್ಕವರೆಲ್ಲ ದನಿ ಬಗ್ಗೆಯೇ ಕೇಳ್ತಾರೆ. ಅದಕ್ಕೆ ದಾರಿ ಸಿಕ್ಕಿತು ಕಣಮ್ಮ. ಉಸಿರುನಾಳಕ್ಕೂ ಅನ್ನನಾಳಕ್ಕೂ ನಡುವೆ ಪುಟ್ಟ ಸಿಲಿಕೋನ್ ಕವಾಟ ಕೂರಿಸಿದ್ದಾರೆ. ರಂಧ್ರವನ್ನು ಬೆರಳಲ್ಲಿ ಮುಚ್ಚಿ ಮಾತಾಡ್ತೀನಿ. ಫೋನಲ್ಲಿ ಹೊಸಬರು ಒಂದು ಸಲ "ಹಾಂ?" ಅಂತಾರೆ, ಅಷ್ಟೇ. ಕೆಲವು ತಿಂಗಳಿಗೊಮ್ಮೆ ಕವಾಟ ಸೋರುತ್ತೆ, ಬದಲಿಸಬೇಕು. ಮುಂಚೆ ಯಾರೂ ಹೇಳದೇ ಇದ್ದದ್ದು ಮೂಗಿನ ವಿಷಯ. ಮೂಗಲ್ಲಿ ಗಾಳಿ ಆಡಲ್ಲ, ಹಾಗಾಗಿ ವಾಸನೆಯೂ ಇಲ್ಲ. ಗ್ಯಾಸ್ ಸೋರಿದರೂ ನನಗೆ ತಿಳಿಯಲ್ಲ. ಸ್ನಾನಕ್ಕೆ ನಿಂತರೆ ರಂಧ್ರಕ್ಕೆ ನೀರು ಹೋಗದ ಹಾಗೆ ನೋಡ್ಕೋಬೇಕು. ಈಜು ಬಿಟ್ಟೆ. ಆದ್ರೆ ಊಟ ಮಾತ್ರ ಧೈರ್ಯವಾಗಿ ಮಾಡ್ತೀನಿ. ಕವಾಟ ಸರಿ ಇದ್ದಷ್ಟು ದಿನ ತುತ್ತು ಶ್ವಾಸಕೋಶಕ್ಕೆ ಇಳಿಯೋ ಭಯ ಇಲ್ಲ.

ನೀರಿನಬಾಟಲಿ: ನಮ್ಮ ಮನೆಯವರು ಉಳಿಸಿಕೊಂಡವರು. 35 ಸಲ, ಒಟ್ಟು 70 ಗ್ರೇ (ರೇಡಿಯೇಶನ್ ಅಳೆಯೋ ಮಾನ) ರೇಡಿಯೇಶನ್. ಮುಖಕ್ಕೆ ಬಲೆಯಂಥ ಮಾಸ್ಕ್ ಬಿಗಿದು ಮಲಗಿಸೋರು. ಈಗ ನಾಲ್ಕು ವರ್ಷ. ದನಿ ಇದೆ, ಜೊಲ್ಲು ಇಲ್ಲ. ನೀರಿನ ಬಾಟಲಿ ಇಲ್ಲದೆ ಹೊಸ್ತಿಲು ದಾಟಲ್ಲ. ನುಂಗಿದ್ದು ಅಡ್ಡದಾರಿ ಹಿಡಿದು ಎರಡು ಸಲ ನ್ಯುಮೋನಿಯಾ ಆಯ್ತು. ಒಂದು ಊಟಕ್ಕೆ ಒಂದು ಗಂಟೆ. ಮೊದಲು ಎಲ್ಲರ ಜೊತೆ ಕೂರ್ತಿದ್ರು. ಕೆಮ್ಮು ಹತ್ತಿದ ತಕ್ಷಣ ಮನೆಯೋರೆಲ್ಲ ಕೈಯಲ್ಲಿನ ತುತ್ತು ಹಾಗೇ ಹಿಡಿದು ಅವರನ್ನೇ ನೋಡೋರು. ಈಗ ನಾವೆಲ್ಲ ಎದ್ದ ಮೇಲೆ ಒಬ್ಬರೇ ಕೂರ್ತಾರೆ. ಸ್ಕ್ಯಾನ್ ಕ್ಲಿಯರ್, ಡಾಕ್ಟರಿಗೆ ಖುಷಿ. ಅಂಗ ಉಳಿದ ಮಾತ್ರಕ್ಕೆ ಅದರ ಕೆಲಸವೂ ಉಳಿಯುತ್ತೆ ಅಂದ್ಕೋಬೇಡಿ ಶುಭಾ.

ಲೆಕ್ಕಿಗ: ನಿಮ್ಮ ಕಷ್ಟ ಅಲ್ಲಗಳೆಯಲ್ಲ ಮೇಡಂ. ಆದರೆ ಅದೇ ಅಧ್ಯಯನದಲ್ಲಿ ಬದುಕುಳಿದವರನ್ನು ಮತ್ತೆ ವಿಚಾರಿಸಿ 1998ರಲ್ಲಿ ಬರೆದಿದ್ದಾರೆ, ಕೀಮೋ-ರೇಡಿಯೇಶನ್ ಗುಂಪಿನ ಜೀವನ ಗುಣಮಟ್ಟ ಮೇಲಿತ್ತು ಅಂತ. ಅದಕ್ಕೆ ಮುಖ್ಯ ಕಾರಣವಾಗಿ ಕಂಡದ್ದು ಮಾತು ಉಳಿದದ್ದಲ್ಲ. ನೋವು ಕಡಿಮೆ, ಖಿನ್ನತೆ ಕಡಿಮೆ.

ನೇರಮಾತು: ಜೀವನವನ್ನೂ ಫಾರಂ ತುಂಬಿಸಿ ಅಳೀತಾರಾ? ನಗು ಬರುತ್ತೆ.

ನುಂಗುಪಾಠ: ನಾನು ಸ್ಪೀಚ್ ಥೆರಪಿಸ್ಟ್. ಹೌದು, ಅಳೀತೀವಿ. ತಲೆ-ಕುತ್ತಿಗೆ ಕ್ಯಾನ್ಸರಿಗೆಂದೇ ಯುರೋಪಿನ ಸಂಶೋಧಕರು ಮಾಡಿದ 35 ಪ್ರಶ್ನೆಗಳ ಫಾರಂ ಇದೆ. ಮನೆಯವರ ಎದುರು ಊಟ ಮಾಡೋಕೆ ಕಷ್ಟವಾಯಿತೇ ಅಂತ ಅದರಲ್ಲಿ ಒಂದು ಪ್ರಶ್ನೆ, ಬೇರೆಯವರ ಎದುರು ಅಂತ ಇನ್ನೊಂದು. ಮೇಲಿನ ಮೇಡಂ ಬರೆದದ್ದು ಅದನ್ನೇ ಅಲ್ವಾ? ಯಾರೂ ಕೇಳದಿದ್ರೆ ರೋಗಿ ತಾನಾಗಿ ಬಾಯಿ ಬಿಡಲ್ಲ, ಸ್ಕ್ಯಾನಲ್ಲಂತೂ ಕಾಣಲ್ಲ.

ಶುಭಾ, ಯಾವುದೇ ತೀರ್ಮಾನಕ್ಕೆ ಮುಂಚೆ ನುಂಗುವ ಪರೀಕ್ಷೆ ಮಾಡಿಸಿ. ಈಗಲೇ ನುಂಗೋದು ಕೆಟ್ಟಿದ್ರೆ ಧ್ವನಿಪೆಟ್ಟಿಗೆ ಉಳಿಸಿ ಏನು ಸಿಗುತ್ತೆ ಅನ್ನೋದನ್ನ ಡಾಕ್ಟರ ಹತ್ತಿರ ಮತ್ತೆ ಮಾತಾಡಬೇಕು. ರೇಡಿಯೇಶನ್ ಅಂತಾದ್ರೆ ನುಂಗುವ ವ್ಯಾಯಾಮ ಮೊದಲ ದಿನದಿಂದಲೇ ಶುರು. ಎಲ್ಲ ಮುಗಿದ ಮೇಲೆ ಬರೋರೇ ಜಾಸ್ತಿ, ಅದಕ್ಕೇ ಹೇಳ್ತಿದ್ದೀನಿ. ಆಹಾರಕ್ಕೆ ಟ್ಯೂಬ್ ಹಾಕಿದರೂ, ಡಾಕ್ಟರು ಬೇಡ ಅನ್ನದಿದ್ರೆ, ದಿನಕ್ಕೆ ಇಷ್ಟು ಅಂತ ಬಾಯಲ್ಲೇ ನುಂಗಬೇಕು. ಸುಮ್ಮನಿದ್ದ ಸ್ನಾಯು ಬಿಗಿದುಕೊಳ್ಳುತ್ತೆ. ಉಳಿಸೋಕಾಗದ ಹುಳುಕು ಹಲ್ಲಿದ್ರೆ ರೇಡಿಯೇಶನ್‌ಗೆ ಎರಡು ವಾರ ಮುಂಚೆಯೇ ಕೀಳಿಸಿ. ಆಮೇಲೆ ಕಿತ್ತರೆ ದವಡೆ ಮೂಳೆ ಮಾಯದೆ ಸಾಯುವ ಅಪಾಯ ಇದೆ. ಕುತ್ತಿಗೆಗೆ ರೇಡಿಯೇಶನ್ ಬಿದ್ದವರಿಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡ್ ಪರೀಕ್ಷೆಯೂ ಬೇಕು. ಥೈರಾಯ್ಡ್ ಕುಗ್ಗಿ ಬರೋ ಸುಸ್ತು, ಬೇಜಾರನ್ನೆಲ್ಲ ಮನಸ್ಸಿನದೇ ಅಂತ ಬಿಟ್ಟುಬಿಡ್ತಾರೆ.

ನೀರಿನಬಾಟಲಿ: ವ್ಯಾಯಾಮದ ಮಾತು ನಮಗೆ ಯಾರೂ ಹೇಳಲಿಲ್ಲ.

ಕೊರಳಕಿಂಡಿ: ಶುಭಾ, ಅಣ್ಣ ಏನಂದ್ರು, ನಿಮಗೇನನ್ನಿಸ್ತು ಎಲ್ಲ ಬರೆದಿರಿ. ಅಪ್ಪ ಏನಂದ್ರು?

ಶುಭಾ: ಕೇಳಿರಲಿಲ್ಲ. ನಿನ್ನೆ ರಾತ್ರಿ ಇಷ್ಟೂ ಓದಿ ಹೇಳಿದೆ. ದನಿ ಬಗ್ಗೆ ಒಂದು ಮಾತೂ ಆಡಲಿಲ್ಲ. "ಒಬ್ಬರೇ ಊಟಕ್ಕೆ ಕೂರ್ತಾರೆ ಅಂತ ಬರೆದಿದ್ದಾರಲ್ಲ, ಅದನ್ನ ಇನ್ನೊಂದು ಸಲ ಓದು" ಅಂದ್ರು. ಮೊದಲು ನುಂಗುವ ಪರೀಕ್ಷೆ ಆಗಲಿ ಅಂದಿದ್ದಾರೆ. ಅಣ್ಣ ಮುನಿಸಿಕೊಂಡಿದ್ದಾನೆ.

ಕೊರಳಕಿಂಡಿ: ಕವಾಟದ ದನಿ ಹೇಗಿರುತ್ತೆ ಅಂತ ಅವರಿಗೆ ಕೇಳಬೇಕು ಅನ್ನಿಸಿದ್ರೆ ಮೆಸೇಜ್ ಹಾಕಿ, ನಾನೇ ಫೋನ್ ಮಾಡ್ತೀನಿ. "ಹಾಂ?" ಅಂದ್ರೂ ಬೇಜಾರಿಲ್ಲ.