ಸ್ಪಾರ್ಕ್ ಇಲ್ಲ: ಡಿಸ್ಟ್ರಿಬ್ಯೂಟರ್ ಒಳಗಿನ ಪಿಕಪ್ ಕಾಯಿಲ್ ನೋಡುವುದು ಹೇಗೆ?

ಕಾಪು ಬೀಚ್‌ರೋಡ್:
ನಮಸ್ಕಾರ. ಅಪ್ಪನ ಹಳೇ ಕಾರು, 1997ರ ಮಾಡೆಲ್, ಕಾರ್ಬೊರೇಟರ್, ನಾಲ್ಕು ಸಿಲಿಂಡರ್. ಮೊನ್ನೆ ಜೋರು ಮಳೆಗೆ ಪಡುಬಿದ್ರಿ ದಾಟಿದ ಮೇಲೆ ಹೈವೇಯಲ್ಲೇ ನಿಂತಿತು. ಸೆಲ್ಫ್ ಹೊಡೆಯುತ್ತದೆ, ಪೆಟ್ರೋಲ್ ಬರುತ್ತದೆ, ಸ್ಪಾರ್ಕ್ ಮಾತ್ರ ಇಲ್ಲ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಲ್ಲಿ ಸ್ಪಾರ್ಕ್ ಹಂಚುವ ಭಾಗ) ಕ್ಯಾಪ್ ಒರೆಸಿ ಒಣಗಿಸಿದ್ದೂ ಆಯಿತು. ಗ್ಯಾರೇಜಿನವರು ಇಡೀ ಡಿಸ್ಟ್ರಿಬ್ಯೂಟರ್ ಬದಲಾಯಿಸಿ ಅಂದರು. ಈಗ ಅದು ಸಿಗುವುದೇ ಕಷ್ಟ ಅಲ್ವಾ? ಪಾಯಿಂಟ್ (ತೆರೆದು ಮುಚ್ಚುವ ಹಳೇ ಸ್ವಿಚ್) ಇಲ್ಲದ ಮಾಡೆಲ್, ಒಳಗಿಂದ ಎರಡು ವೈರ್ ಬಂದು ಇಗ್ನೈಟರ್‌ಗೆ, ಅಂದರೆ ಇಗ್ನಿಷನ್ ಕಾಯಿಲ್‌ನ ಕರೆಂಟ್ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಡಬ್ಬಿಗೆ, ಹೋಗುತ್ತದೆ. ಮಲ್ಟಿಮೀಟರ್ ಉಂಟು.

ಸುರತ್ಕಲ್ ಹಳೆಗಾಡಿ:
ಎರಡು ವೈರ್ ಅಂದರೆ ಮ್ಯಾಗ್ನೆಟ್ ಇರುವ ಪಿಕಪ್ ಕಾಯಿಲ್, ಸ್ಪಾರ್ಕ್ ಯಾವಾಗ ಅಂತ ಇಗ್ನೈಟರ್‌ಗೆ ಸಿಗ್ನಲ್ ಕೊಡುವ ಸೆನ್ಸರ್. ಮೂರು ವೈರ್ ಇದ್ದಿದ್ದರೆ ಹೆಚ್ಚಾಗಿ ಹಾಲ್ ಸೆನ್ಸರ್ (ಎಲೆಕ್ಟ್ರಾನಿಕ್ ಸೆನ್ಸರ್) ಆಗಿರುತ್ತಿತ್ತು. ಹಾಲ್ ಸೆನ್ಸರನ್ನು ಓಮ್ಸ್‌ನಲ್ಲಿ ನೋಡಿ ಏನೂ ಗೊತ್ತಾಗುವುದಿಲ್ಲ.

ಸೆನ್ಸರ್‌ಗೆ ಕೈ ಹಾಕುವ ಮೊದಲು ಕ್ಯಾಪ್ ತೆಗೆದು ಸೆಲ್ಫ್ ಹೊಡೆಯಿರಿ. ಕ್ಯಾಪ್ ಒಳಗಿನ ರೋಟರ್ ತಿರುಗದಿದ್ದರೆ ಟೈಮಿಂಗ್ ಬೆಲ್ಟೇ ಕಡಿದಿರಬಹುದು. ತಿರುಗಿದರೆ ಕೀ ಆನ್ ಮಾಡಿ ಇಗ್ನಿಷನ್ ಕಾಯಿಲ್ ಪ್ಲಸ್‌ನಲ್ಲಿ 12 ವೋಲ್ಟ್ ಉಂಟಾ ನೋಡಿ. ಆಮೇಲೆ ಟೆಸ್ಟ್ ಲ್ಯಾಂಪಿನ ಒಂದು ತುದಿ ಬಾಡಿಗೆ, ಇನ್ನೊಂದು ಕಾಯಿಲ್ ಮೈನಸ್‌ಗೆ. ಸೆಲ್ಫ್ ಹೊಡೆಯುವಾಗ ಲ್ಯಾಂಪ್ ಮಿನುಗಿದರೆ ಪಿಕಪ್, ಇಗ್ನೈಟರ್ ಎರಡೂ ಕೆಲಸ ಮಾಡುತ್ತಿವೆ ಅಂತ. ಸುಮ್ನೆ ಉರಿಯುತ್ತಲೇ ಇದ್ದರೆ ಎರಡರಲ್ಲಿ ಒಂದು ಕೈಕೊಟ್ಟಿದೆ. ಪ್ಲಗ್ ವೈರನ್ನು ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯಬೇಡಿ ಮಾರಾಯ್ರೆ, ಇಗ್ನೈಟರ್ ಸುಟ್ಟೀತು.

ಕಾಪು ಬೀಚ್‌ರೋಡ್:
ರೋಟರ್ ತಿರುಗುತ್ತದೆ. ಪ್ಲಸ್‌ನಲ್ಲಿ 12.3. ಲ್ಯಾಂಪ್ ಮಿನುಗುವುದಿಲ್ಲ, ಉರಿಯುತ್ತಲೇ ಇರುತ್ತದೆ. ಪಿಕಪ್ ಕನೆಕ್ಟರ್ ಬಿಚ್ಚಿ ಎರಡು ವೈರ್ ನಡುವೆ ನೋಡಿದೆ, 780 ಓಮ್ಸ್. ಬಾಡಿಗೆ ಕನೆಕ್ಷನ್ ತೋರಿಸುವುದಿಲ್ಲ. ಹಾಗಾದರೆ ಪಿಕಪ್ ಸರಿ, ಇಗ್ನೈಟರ್ ತರಿಸಲಾ?

ಸುರತ್ಕಲ್ ಹಳೆಗಾಡಿ:
ಸ್ವಲ್ಪ ತಡೆಯಿರಿ. ಎಷ್ಟು ಓಮ್ಸ್ ಇರಬೇಕು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಅದು ಸರಿಯೇ ಇದ್ದರೂ, ಅಲುಗಾಡದೆ ನಿಂತ ಕಾಯಿಲ್‌ನ ಲೆಕ್ಕ ಅದು. ನಿಮ್ಮ ಡಿಸ್ಟ್ರಿಬ್ಯೂಟರ್‌ನಲ್ಲಿ ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿ (ಇಂಜಿನ್ನಿನ ಗಾಳಿ ಎಳೆತದಿಂದ ಸ್ಪಾರ್ಕ್ ಟೈಮಿಂಗ್ ಬದಲಿಸುವುದು) ಉಂಟಲ್ವಾ? ಅದು ಪಿಕಪ್ ಕೂತ ಪ್ಲೇಟನ್ನು ಹಿಂದೆ ಮುಂದೆ ಎಳೆಯುತ್ತಾ ಇರುತ್ತದೆ. ಇಪ್ಪತ್ತು ಮೂವತ್ತು ವರ್ಷ ಮಡಚಿ ಬಿಚ್ಚಿ, ವೈರಿನ ತಾಮ್ರ ಒಳಗೇ ಕಡಿಯುತ್ತದೆ. ಹೊರಗಿನ ರಬ್ಬರ್ ಹೊಸ ಮದುಮಗಳ ಹಾಗೆ ಚಂದ ಕಾಣುತ್ತದೆ!

ಮೀಟರ್ ಓಮ್ಸ್‌ನಲ್ಲಿ ಸಿಕ್ಕಿಸಿಟ್ಟು, ಆ ಡಬ್ಬಿಯ ಪೈಪನ್ನು ಬಾಯಲ್ಲಿ ಎಳೆಯಿರಿ. ಪ್ಲೇಟ್ ಸರಿಯುವಾಗ ನಂಬರ್ ಹಾರಬಾರದು. ಆಮೇಲೆ ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಮೀಟರ್ ಎಸಿ ವೋಲ್ಟ್‌ಗೆ ತಿರುಗಿಸಿ ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್ ಆಸುಪಾಸು ಅಥವಾ ಜಾಸ್ತಿ ಬಂದು ನಿಲ್ಲಬೇಕು.

ಮಲ್ಪೆ ಬಂದರು:
ಗ್ಯಾಪ್ ಕೂಡ ನೋಡಿ. ರಿಲಕ್ಟರ್ (ಶಾಫ್ಟಿನ ಜೊತೆ ತಿರುಗುವ ಹಲ್ಲಿನ ಚಕ್ರ) ಹಲ್ಲಿಗೂ ಪಿಕಪ್‌ಗೂ ಕೂದಲೆಳೆಯಷ್ಟೇ ಜಾಗ, ನನ್ನ ಗಾಡಿಗೆ 0.3 ಮಿ.ಮೀ. ಹಿತ್ತಾಳೆ ಫೀಲರ್ ಗೇಜ್ ಬೇಕು, ಕಬ್ಬಿಣದ್ದನ್ನು ಮ್ಯಾಗ್ನೆಟ್ ಎಳೆದುಕೊಳ್ಳುತ್ತದೆ. ನಮ್ಮ ಉಪ್ಪುಗಾಳಿಗೆ ಕನೆಕ್ಟರ್ ಪಿನ್ನಿನಲ್ಲಿ ಹಸಿರು ಹುಡಿ ಹಿಡಿದಿದ್ದರೆ ಅದನ್ನೂ ಕೆರೆಯಿರಿ.

ಕಾಪು ಬೀಚ್‌ರೋಡ್:
ಸಿಕ್ಕಿತು! ಪೈಪ್ ಎಳೆದ ಕೂಡಲೇ 780 ಹೋಗಿ ಮೀಟರ್ ಓಪನ್ (ಕನೆಕ್ಷನ್ ಇಲ್ಲ ಅಂತ) ತೋರಿಸಿತು. ಬಿಟ್ಟರೆ ಮತ್ತೆ 780. ಎಸಿಯಲ್ಲಿ ಒಮ್ಮೆ 0.8 ಬಂದು ಸೊನ್ನೆಗೆ ಬಿತ್ತು. ಕಪ್ಪು ವೈರ್ ಪ್ಲೇಟಿನ ಅಂಚಿನಲ್ಲಿ ಬಗ್ಗುವ ಜಾಗದಲ್ಲೇ ಕಡಿದಿತ್ತು, ಎಳೆದರೆ ರಬ್ಬರ್ ಹಿಗ್ಗುತ್ತಿತ್ತು. ಸಪೂರ ಎಳೆಗಳ ಮೆತ್ತನೆ ವೈರ್ ತಂದು ಬೆಸುಗೆ ಹಾಕಿ, ಪ್ಲೇಟ್ ತಿರುಗಲು ಸ್ವಲ್ಪ ಸಡಿಲು ಬಿಟ್ಟೆ. ಎರಡನೇ ಸೆಲ್ಫಿಗೆ ಸ್ಟಾರ್ಟ್. ಅಪ್ಪ ಆಗಲೇ ಉಡುಪಿಗೆ ಒಂದು ರೌಂಡ್ ಹೋಗಿದ್ದಾರೆ.

ಸುರತ್ಕಲ್ ಹಳೆಗಾಡಿ:
ಒಳ್ಳೆಯದಾಯಿತು. ಜೊತೆಗಿರುವ ಕೆಂಪು ವೈರಿಗೂ ಅಷ್ಟೇ ವಯಸ್ಸಾಗಿದೆ, ಈ ಭಾನುವಾರ ಅದನ್ನೂ ಬದಲಾಯಿಸಿಬಿಡಿ.