ಹುಳಿ ಬಂದದ್ದು, ಹುಳಿತದ್ದು, ಹಳಸಿದ್ದು: ಪೀಪಾಯಿಯ ಬಿಯರಿಗೆ ಯಾವುದು ಸರಿ?

ನಮಸ್ಕಾರ. ಒಂದು ಲೋಟ ಬಿಯರಿನಿಂದ ಮನೆಯಲ್ಲಿ ಜಗಳ ಶುರುವಾಗಿದೆ, ಪದ ಬಲ್ಲವರು ಬಗೆಹರಿಸಿಕೊಡಿ.

ಈಚೆಗೆ ಬ್ರಸೆಲ್ಸಿಗೆ ಹೋಗಿದ್ದಾಗ ಆಂಡರ್ಲೆಕ್ಟಿನ ಕಾಂಟಿಯೋನ್ ಬ್ರೂವರಿಗೆ ಹೋಗಿದ್ದೆವು. 1900ರಲ್ಲಿ ಶುರುವಾದದ್ದು, ಈಗಲೂ ಹಳೇ ಪದ್ಧತಿಯಲ್ಲೇ ಮಾಡುತ್ತಾರೆ. ಬಿಯರಿಗೆ ಯೀಸ್ಟ್ ಹಾಕುವುದೇ ಇಲ್ಲ. ಗೋಧಿ, ಬಾರ್ಲಿಯ ರಸವನ್ನು ಕುದಿಸಿ, ಮಾಡಿನ ಕೆಳಗಿರುವ ಅಗಲವಾದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯಿಡೀ ಮುಚ್ಚದೆ ಬಿಡುತ್ತಾರೆ. ಗಾಳಿಯಲ್ಲಿದ್ದ ಯೀಸ್ಟು, ಬ್ಯಾಕ್ಟೀರಿಯಾ ತಾವೇ ಬಂದು ಸೇರಿಕೊಳ್ಳುತ್ತವೆ. ನಮ್ಮ ಈಚಲು ಹೆಂಡಕ್ಕೆ ಯಾರು ಯೀಸ್ಟ್ ಹಾಕ್ತಾರೆ, ಅದೂ ಹಾಗೇ ಅಲ್ವಾ. ವ್ಯತ್ಯಾಸ ಇಷ್ಟೇ, ಹೆಂಡ ಒಂದೇ ದಿನದಲ್ಲಿ ಹುಳಿಯಾಗುತ್ತದೆ, ಇದು ಮರದ ಪೀಪಾಯಿಯಲ್ಲಿ ಒಂದು, ಎರಡು, ಮೂರು ವರ್ಷ ಕೂರುತ್ತದೆ. ಸೆಕೆಗಾಲದಲ್ಲಿ ಬೇಡದ ಬ್ಯಾಕ್ಟೀರಿಯಾ ಜಾಸ್ತಿ ಅಂತ ಚಳಿಗಾಲದಲ್ಲಿ ಮಾತ್ರ ಕುದಿಸುತ್ತಾರಂತೆ.

ನಾವು ಕುಡಿದದ್ದು ಕ್ರೀಕ್. ಫ್ಲೆಮಿಶ್ ಮಾತಿನಲ್ಲಿ ಹುಳಿ ಚೆರಿಯ ಹೆಸರೇ ಕ್ರೀಕ್. ಲೀಟರಿಗೆ ಸುಮಾರು 200 ಗ್ರಾಂ ಹಣ್ಣು, ಬೀಜದ ಸಮೇತ, ಪೀಪಾಯಿಗೆ ಹಾಕಿ ಬಿಡುತ್ತಾರೆ. ಲೋಟಕ್ಕೆ ಬಗ್ಗಿಸಿದಾಗ ಪುನರ್ಪುಳಿ ಶರಬತ್ತಿನ ಬಣ್ಣ, ಮೇಲೆ ಗುಲಾಬಿ ನೊರೆ, ನೋಡ್ತಾ ನೋಡ್ತಾ ಅದು ಇಳಿದೇ ಹೋಯಿತು. ಹಣ್ಣಿನ ಬಿಯರ್ ಅಂದರೆ ಸಿಹಿ ಇರುತ್ತೆ ಅಂತ ನಾನು ದೊಡ್ಡ ಗುಟುಕೇ ಕುಡಿದೆ. ದವಡೆಯ ಸಂದು ಜುಮ್ ಅಂತು, ಒಂದು ಕಣ್ಣು ತಾನಾಗೇ ಮುಚ್ಚಿತು. ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟೇ ತಿಂದು ಮುಗಿಸಿರುತ್ತದೆ, ನಮಗೆ ಉಳಿಯುವುದು ಚೆರಿಯ ಘಮ, ಹುಳಿ, ಕೊನೆಗೆ ನಾಲಿಗೆಯ ಅಂಚಿನಲ್ಲಿ ಓಕ್ ಮರದ ಒಗರು, ಬೀಜದಿಂದ ಬಂದ ಸಣ್ಣ ಬಾದಾಮಿ ವಾಸನೆ. ನನ್ನ ಹೆಂಡತಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಇದು ಹಳಸಿದೆ ಕಣ್ರೀ" ಅಂದಳು. ಹಳಸಿಲ್ಲ, ಹುಳಿ ಬಂದಿದೆ ಅಂದೆ ನಾನು. ಅಲ್ಲಿಂದ ಶುರು.

ನನ್ನ ವಾದ ಹೀಗೆ. ದೋಸೆ ಹಿಟ್ಟು ಹುಳಿ ಬಂತು ಅಂದರೆ ಖುಷಿಯ ಮಾತು, ನಾವು ಬೇಕಂತಲೇ ಬರಿಸಿದ ಹುಳಿ. ಹಿಟ್ಟು ಹುಳಿತು ಹೋಯಿತು ಅಂದರೆ ಹದ ತಪ್ಪಿದೆ, ಆದರೂ ಈರುಳ್ಳಿ ಹಾಕಿ ಉತ್ತಪ್ಪ ಮಾಡಬಹುದು. ಸಾರು ಹಳಸಿತು ಅಂದರೆ ಮುಗಿಯಿತು, ಚೆಲ್ಲಬೇಕು. ಹಾಗಾದರೆ ಕ್ರೀಕ್ 'ಹುಳಿ ಬಂದ ಬಿಯರ್' ಆಗಬೇಕು, 'ಹುಳಿತ ಬಿಯರ್' ಆಗಬಾರದು. ಅವಳು ಹಾಸನ ಕಡೆಯವಳು, ಅವರ ಮನೆಯಲ್ಲಿ 'ಹುಳಿತ ಹಿಟ್ಟು' ಬೈಗುಳ ಅಲ್ಲವಂತೆ, ಬರೀ ವಿವರಣೆ. ನಿಮ್ಮ ಕಡೆ ಹೇಗೆ?

ಇನ್ನು ಪೀಪಾಯಿಯಲ್ಲಿ ಕೂತದ್ದಕ್ಕೆ 'ಹಳೆಯ' ಸಾಲದು, 'ಕಳಿತ' ಅಂದರೆ ಬಾಳೆಹಣ್ಣು ನೆನಪಾಗುತ್ತದೆ. 'ಮಾಗಿದ' ಚೆನ್ನಾಗಿದೆ ಅನ್ನಿಸಿತು. ಚಳಿಯಲ್ಲೇ ಮಾಡುವುದರಿಂದ 'ಮಾಗಿ' ಕಾಲಕ್ಕೂ ಹೊಂದುತ್ತೆ ಅಂತ ಒಬ್ಬ ಗೆಳೆಯ ಖುಷಿಪಟ್ಟ, ಆದರೆ ಆ ಮಾಗಿ ಬಂದದ್ದು ಮಾಘದಿಂದ, ಇದಕ್ಕೆ ಸಂಬಂಧ ಇಲ್ಲ.

ನಿಜವಾಗಿ ಸಿಕ್ಕಿಬಿದ್ದದ್ದು ವಾಸನೆಯ ಪದದಲ್ಲಿ. ಈ ಬಿಯರುಗಳಲ್ಲಿ ಬ್ರೆಟ್ಟನೊಮೈಸಿಸ್ ಅನ್ನುವ ಯೀಸ್ಟಿನಿಂದ ಬರುವ ಒಂದು ವಾಸನೆ ಇರುತ್ತದೆ. 1904ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ ಬ್ರೂವರಿಯಲ್ಲಿ ಕ್ಲಾಸೆನ್ ಎಂಬಾತ ಇಂಗ್ಲೆಂಡಿನ ಬಿಯರಿನಲ್ಲಿ ಅದನ್ನು ಕಂಡ, ಹೆಸರಿನ ಅರ್ಥವೇ 'ಬ್ರಿಟಿಷ್ ಫಂಗಸ್'. ಇಂಗ್ಲಿಷಿನವರು ಆ ವಾಸನೆಯನ್ನು ಕುದುರೆ ಬೆನ್ನಿನ ಕಂಬಳಿಗೆ ಹೋಲಿಸುತ್ತಾರೆ. ಕುದುರೆ ನಮಗೆ ದೂರ, ಕಂಬಳಿ ದೂರವಲ್ಲ. ಮಳೆಯಲ್ಲಿ ನೆನೆದು ಬಂದ ಕಂಬಳಿಕೊಪ್ಪೆಯನ್ನು ಬಚ್ಚಲ ಒಲೆಯ ಹತ್ತಿರ ನೇತುಹಾಕಿದಾಗ ಬರುತ್ತಲ್ಲ, ಅರ್ಧ ಹೊಗೆ, ಅರ್ಧ ಕೊಟ್ಟಿಗೆ, ಅದೇ. ನಮ್ಮಜ್ಜಿ ಅದನ್ನು 'ಮುಗ್ಗಲು' ಅನ್ನುತ್ತಿದ್ದರು, ಆದರೆ ಮುಗ್ಗಲು ಅಕ್ಕಿಯನ್ನು ಯಾರೂ ಹೊಗಳಿದ್ದು ಕೇಳಿಲ್ಲ.

ಬೇಕೆನಿಸುವ ಗಾಢ ವಾಸನೆಗೆ 'ಸೊಗಡು' ಇದೆ. ಅವರೆಕಾಯಿ ಸುಲಿದ ಕೈಗೆ ಅಂಟುವ ಸೊಗಡು, ಅಪ್ಪೆಮಿಡಿಯ ಸೊನೆಯ ಸೊಗಡು. ಹಾಗಾಗಿ 'ಸೊಗಡಿನ ಬಿಯರ್' ಅನ್ನೋಣ ಅಂದುಕೊಂಡೆ. ತೊಂದರೆ ಏನೆಂದರೆ ಈಗ ಸೊಗಡು ಅಂದ ಕೂಡಲೇ ಎಲ್ಲರಿಗೂ ಭಾಷಣದ 'ಗ್ರಾಮೀಣ ಸೊಗಡು' ನೆನಪಾಗುತ್ತದೆ, ಮೂಗಿಗೆ ಏನೂ ಬಡಿಯುವುದಿಲ್ಲ.

ಶಿರಸಿ, ಸಿದ್ದಾಪುರದ ಕಡೆಯವರು ಮಿಡಿ ಮೂಸಿ ನೋಡುವಾಗ ಬೇರೆ ಏನಾದರೂ ಪದ ಬಳಸುತ್ತೀರಾ? ಹೆಂಡ ಇಳಿಸುವವರ ಬಾಯಲ್ಲಿ ಒಳ್ಳೆಯ ಹುಳಿಗೂ ಕೆಟ್ಟ ಹುಳಿಗೂ ಬೇರೆ ಬೇರೆ ಹೆಸರು ಕೇಳಿದವರಿದ್ದರೆ ಅದನ್ನೂ ತಿಳಿಸಿ. ಒಂದು ಬಾಟಲಿ ಮನೆಗೆ ತಂದಿದ್ದೇನೆ, ತೆಗೆಯುವ ಮೊದಲು ಪದ ಸಿಕ್ಕಿದರೆ ಒಳ್ಳೆಯದು.