ಬ್ರೌಸರ್‌ನಲ್ಲಿ ಆಡಿಯೋ ಕಟಿಂಗ್: ಸ್ಟುಡಿಯೋದವರನ್ನು ಕೇಳಿ

ಅಡ್ಮಿನ್: ಬಳ್ಳಾರಿಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ನಡೆಸುವ ನಮ್ಮ ಸದಸ್ಯರು ಸಂಜೆ ಸಿಗುತ್ತಾರೆ. ಕೇಳಿ. ಗುಡ್ ಈವ್ನಿಂಗ್ ಫೋಟೋ ಬೇಡ.

ಮಾನ್ವಿ: ಸರ್, ಹಾಡಿನ ನಡುವಿನ ಸಾಲು ರಿಂಗ್‌ಟೋನ್ ಮಾಡಬೇಕು. ಆ್ಯಪ್ ಇಲ್ಲದೆ ಆಗುತ್ತಾ?

ಸ್ಟುಡಿಯೋ: ಆಗುತ್ತೆ. ಕ್ರೋಮ್‌ನಲ್ಲಿ ಆಡಿಯೋಮಾಸ್ ಅನ್ನೋ ಸೈಟ್ ತೆರೆಯಿರಿ. ಫೈಲ್ ಹಾಕಿ, ಬೇಡದ ಭಾಗ ಅಳಿಸಿ, ಎಂಪಿ3 ಇಳಿಸಿಕೊಳ್ಳಿ.

ಕುಷ್ಟಗಿ: ನಮ್ಮಜ್ಜ ದೊಡ್ಡಾಟದ ಪದ ಹಾಡಿದ್ದು ಫೋನಿನಲ್ಲಿದೆ ರೀ. ಮೂರು ಗಂಟೆ. ಅಜ್ಜ ಈಗಿಲ್ಲ. ಒಂದೊಂದು ಪದ, ಅಂದ್ರೆ ಹಾಡು, ಬೇರೆ ಬೇರೆ ಮಾಡಬೇಕು. ಫೈಲು ಬರೀ 170 ಎಂಬಿ, ಆದರೂ ಬ್ರೌಸರ್‌ಗೆ ಹಾಕಿದ ಕೂಡಲೇ ಪೇಜೇ ಮುಚ್ಚಿಕೊಳ್ಳುತ್ತೆ.

ಸ್ಟುಡಿಯೋ: ಇನ್ನು ಆ ಫೈಲ್ ಮುಟ್ಟಬೇಡಿ. ಮೊದಲು ಎರಡು ಕಾಪಿ ಮಾಡಿ. ಒಂದು ಪೆನ್‌ಡ್ರೈವ್‌ಗೆ, ಇನ್ನೊಂದು ಬೇರೆ ಮನೆಯ ಕಂಪ್ಯೂಟರ್‌ಗೆ. 170 ಎಂಬಿ ಅನ್ನೋದು ಹಿಂಡಿದ ಗಾತ್ರ. ಕತ್ತರಿಸೋಕೆ ಬ್ರೌಸರ್ ಅದನ್ನು ಪೂರ್ತಿ ಬಿಚ್ಚಿ ಮೆಮೊರಿಯಲ್ಲಿ ಹರಡುತ್ತೆ. ಸೆಕೆಂಡಿಗೆ ಸದ್ದಿನ 44,100 ಅಳತೆ (ಸ್ಯಾಂಪಲ್), ಒಂದೊಂದಕ್ಕೆ 4 ಬೈಟ್, ಎಡ-ಬಲ ಎರಡು ಚಾನೆಲ್. ಮೂರು ಗಂಟೆಗೆ ಸುಮಾರು 3.8 ಜಿಬಿ. ಫೋನ್ ಎಲ್ಲಿ ತಡೆಯುತ್ತೆ? ಲ್ಯಾಪ್‌ಟಾಪ್‌ನಲ್ಲಿ ಆಡಾಸಿಟಿ ಅನ್ನೋ ಆಡಿಯೋ ಎಡಿಟರ್ ಹಾಕಿ. ಅದು ಎಲ್ಲವನ್ನೂ ಮೆಮೊರಿಯಲ್ಲಿ ಹರಡದೆ ಡಿಸ್ಕ್ ಬಳಸುತ್ತೆ. ಫೈಲು ಎಂ4ಎ ಆಗಿದ್ದರೆ ಅದನ್ನು ತೆರೆಯೋಕೆ ಎಫ್‌ಎಫ್‌ಎಂಪೆಗ್ ಅನ್ನೋ ಸಾಫ್ಟ್‌ವೇರ್ ಕೂಡ ಬೇಕಾಗಬಹುದು. ಅರ್ಧರ್ಧ ಗಂಟೆಯ ವೇವ್ (ಹಿಂಡದ ಆಡಿಯೋ) ತುಂಡು ಮಾಡಿಕೊಂಡರೆ ಆಮೇಲೆ ಬ್ರೌಸರ್‌ನಲ್ಲೇ ಬಿಡಿಸಬಹುದು. ಒಂದೊಂದು ತುಂಡು 300 ಎಂಬಿ ದಾಟುತ್ತೆ, ಗಾಬರಿ ಬೇಡ. ಎಂಪಿ3 ಮಾಡೋದು ಕೊನೆಗೆ, ಒಂದೇ ಸಲ. ಮತ್ತೆ ಮತ್ತೆ ಮಾಡಿದಷ್ಟೂ ಸದ್ದು ಸವೆಯುತ್ತೆ. ಕತ್ತರಿ ಮದ್ದಳೆ ಪೆಟ್ಟಿನ ಮೇಲೆ ಬೀಳಬಾರದು, ಪೆಟ್ಟಿಗೆ ತುಸು ಮುಂಚೆ ಹಾಕಿ. ಎರಡೂ ತುದಿಗೆ 10 ಮಿಲಿಸೆಕೆಂಡ್ ಫೇಡ್ ಕೊಡಿ, ಅಂದ್ರೆ ಸದ್ದು ಮೆಲ್ಲಗೆ ಏರಿ ಮೆಲ್ಲಗೆ ಇಳಿಯಲಿ, ಇಲ್ಲದಿದ್ದರೆ ಟಪ್ ಅನ್ನುತ್ತೆ. ಯಾವ ಆಟದ ಪದ? ನನಗೂ ಕೇಳಬೇಕು.

ಸಿಂಧನೂರು ಮೇಷ್ಟ್ರು: ದೊಡ್ಡಾಟ ಅಂದ್ರೆ ರಾತ್ರಿಯಿಡೀ. ತುಂಡು ಮಾಡಿದರೆ ಏನು ಉಳೀತು?

ಗಂಗಾವತಿ: ಮೂರು ಗಂಟೆ ಯಾರು ಕೇಳ್ತಾರೆ ಮೇಷ್ಟ್ರೇ? ಐದು ನಿಮಿಷದ ಪದ ಆದ್ರೆ ಹುಡುಗರೂ ಕೇಳ್ತಾರೆ.

ಸಿಂಧನೂರು ಮೇಷ್ಟ್ರು: ಪದದ ನಡುವೆ ಮಾತಿರುತ್ತೆ. ಅದನ್ನು ಬಿಟ್ಟರೆ ಕತೆ ಎಲ್ಲಿ?

ಗಂಗಾವತಿ: ನೀವು ಬೆಳಗಿನತನಕ ಕೂತು ಆಟ ನೋಡಿ ಎಷ್ಟು ವರ್ಷ ಆಯ್ತು?

ಸಿಂಧನೂರು ಮೇಷ್ಟ್ರು: ಅದು ನಿಮಗೆ ಬೇಡ.

ಕುಷ್ಟಗಿ: ಪೂರ್ತಿ ಫೈಲೂ ಇಡ್ತೀನ್ರಿ. ಜಗಳ ಬಿಡ್ರಿ.

ಸಿರುಗುಪ್ಪ: ಫಾರ್ವರ್ಡ್: ಫೈಲ್ ಹೆಸರಿನ ಕೊನೆಯ ಎಂಪಿ3 ಅಳಿಸಿ ವೇವ್ ಎಂದು ಬರೆಯಿರಿ. ಸ್ಟುಡಿಯೋ ಕ್ವಾಲಿಟಿ ಗ್ಯಾರಂಟಿ! ಎಲ್ಲರಿಗೂ ಕಳಿಸಿ.

ಸ್ಟುಡಿಯೋ: ಯಾರಿಗೂ ಕಳಿಸಬೇಡಿ. ಹೆಸರು ಬದಲಿಸಿದರೆ ಒಳಗಿನ ಸದ್ದು ಬದಲಾಗಲ್ಲ. ಸೆಕೆಂಡಿಗೆ 128 ಕಿಲೋಬಿಟ್ (ಕೆಬಿಪಿಎಸ್) ಇರೋ ಫೈಲನ್ನು 320 ಮಾಡಿದರೂ ಅಷ್ಟೇ, ಗಾತ್ರ ಸುಮ್ನೆ ಉಬ್ಬುತ್ತೆ. ‘ಕಟರ್ ಎಪಿಕೆ ಇಳಿಸಿ’ ಅನ್ನೋ ಲಿಂಕನ್ನೂ ನೀವೇ ತಾನೇ ಹಾಕಿದ್ದು? ಅಳಿಸಿ. ಬ್ರೌಸರ್‌ನಲ್ಲೇ ಆಗೋ ಕೆಲಸಕ್ಕೆ ಎಪಿಕೆ, ಅಂದ್ರೆ ಆ್ಯಪ್ ಫೈಲ್, ಯಾಕೆ?

ಸಂಡೂರು: ಮನೆ ಮಾತಿರುವ ರೆಕಾರ್ಡಿಂಗ್. ಸೈಟಿನವರ ಕೈಗೆ ಹೋಗುತ್ತಾ ಸರ್?

ಸ್ಟುಡಿಯೋ: ಕೆಲವು ಸೈಟ್ ತಮ್ಮ ಸರ್ವರ್‌ಗೆ ಏರಿಸಿಕೊಳ್ಳುತ್ತವೆ, ಕೆಲವು ನಿಮ್ಮ ಫೋನಿನಲ್ಲೇ ಕೆಲಸ ಮುಗಿಸುತ್ತವೆ. ಪೇಜ್ ತೆರೆದು, ನೆಟ್ ಆಫ್ ಮಾಡಿ, ಆಮೇಲೆ ಫೈಲ್ ಹಾಕಿ. ಕತ್ತರಿಸಿ ಸೇವ್ ಆಯ್ತು ಅಂದ್ರೆ ಸರ್ವರ್ ಬೇಕಾಗಿಲ್ಲ ಅಂತ ಅರ್ಥ. ಪೇಜ್ ಮುಚ್ಚಿದ ಮೇಲೇ ನೆಟ್ ಆನ್ ಮಾಡಿ.

ಯಲಬುರ್ಗಾ: ಜಾತ್ರೆ ಮೈಕಿನ ರೆಕಾರ್ಡಿಂಗ್ ಒಡೆದ ಹಾಗೆ ಕೇಳುತ್ತೆ. ಸರಿಮಾಡುವ ಬಟನ್ ಯಾವುದು?

ಲಿಂಗಸುಗೂರು: ಸರ್, ರಿಂಗ್‌ಟೋನ್ ಹೇಗೆ ಮಾಡೋದು?

ಸ್ಟುಡಿಯೋ: ಮೇಲಿದೆ.

ಲಿಂಗಸುಗೂರು: ಮೇಲೆ ಎಲ್ಲಿ ಸರ್?

ಸ್ಟುಡಿಯೋ: ಮೊದಲ ಉತ್ತರ. ಓದೋಕೆ ಬೇಜಾರಾದರೆ ಹಳೇ ರಿಂಗ್‌ಟೋನೇ ಇರಲಿ.

ಸಿರುಗುಪ್ಪ: ಕೇಳಿದ್ದಕ್ಕೆಲ್ಲ ಸಿಡುಕಿದರೆ ಹೇಗೆ?

ಯಲಬುರ್ಗಾ: ನನ್ನದೂ ನೋಡಿ ಸರ್.

ಸ್ಟುಡಿಯೋ: ಕುಷ್ಟಗಿಯವರೇ, ಕಾಪಿ ಆಯ್ತಾ?

ಕುಷ್ಟಗಿ: ಪೆನ್‌ಡ್ರೈವ್ ತುಂಬಿದೆ ರೀ ಸರ್.

ಸ್ಟುಡಿಯೋ: ಸಿನಿಮಾ ಅಳಿಸಿ.